ಚಾವಡಿಯ ಮಾತು: ಬರೆದವರ ಅರ್ಥವೋ, ಓದುವವರ ಅರ್ಥವೋ?

ನಮ್ಮ ತೋಡಾರಿನಂತಹ ಸಣ್ಣ ಊರಿನಲ್ಲಿಯೂ ಅಮೇರಿಕಾ ದೇಶಕ್ಕೆ ಮಗನನ್ನೋ ಮಗಳನ್ನೋ ಕಳುಹಿಸಿಕೊಟ್ಟಿರುವ ಮನೆಗಳು ಈಗ ಅಪರೂಪವಲ್ಲ. ಆದಕಾರಣ ಅಲ್ಲಿಯ ನ್ಯಾಯಸ್ಥಾನಗಳ ವರ್ತಮಾನವು ಇಲ್ಲಿಯ ಚಾವಡಿಗಳಲ್ಲಿ ಮನೆವಾರ್ತೆಯಂತೆಯೇ ಚರ್ಚೆಗೆ ಬರುತ್ತದೆ. 2025ನೆಯ ಇಸವಿ ಜನವರಿ 20ರಂದು ಅಲ್ಲಿಯ ಅಧ್ಯಕ್ಷರು ಆಜ್ಞೆಯೊಂದನ್ನು ಹೊರಡಿಸಿ, ತಾತ್ಕಾಲಿಕ ಪರವಾನಗಿಯ ಮೇಲೆ ಆ ದೇಶದಲ್ಲಿರುವ ತಂದೆತಾಯಿಗಳಿಗೆ ಹುಟ್ಟಿದ ಶಿಶುವು ಇನ್ನು ಮುಂದೆ ಜನ್ಮಮಾತ್ರದಿಂದ ಅಲ್ಲಿಯ ಪ್ರಜೆಯಾಗದೆಂದು ಸಾರಿದರು. ನ್ಯಾಯಾಲಯಗಳು ಅದನ್ನು ತಡೆದುವು. ವ್ಯಾಜ್ಯವು ಮೇಲಿನ ಮೆಟ್ಟಿಲುಗಳನ್ನೂ ಏರಿತು. ಆ ವ್ಯಾಜ್ಯದ ತಿರುಳೆಲ್ಲ 1868ರಲ್ಲಿ ಅವರ ಸಂವಿಧಾನಕ್ಕೆ ಸೇರಿದ ಹದಿನಾಲ್ಕನೆಯ ತಿದ್ದುಪಡಿಯ ಒಂದು ತುಂಡು ವಾಕ್ಯದಲ್ಲಿ ಅಡಗಿದೆ. ಆ ದೇಶದಲ್ಲಿ ಹುಟ್ಟಿ ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟವರೆಲ್ಲರೂ ಪ್ರಜೆಗಳೆಂದು ಅಲ್ಲಿ ಬರೆದಿದೆ. 'ಒಳಪಟ್ಟವರು' ಎಂದರೆ ಯಾರು? 1898ರಲ್ಲಿ, ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಚೀನೀಯ ದಂಪತಿಗಳಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಎಂಬವನ ಮೊಕದ್ದಮೆಯಲ್ಲಿ ಅವನು ಪ್ರಜೆಯೇ ಸರಿಯೆಂದು ತೀರ್ಪಾಗಿತ್ತು. ಆದರೂ ಬರೆದವರ ಮನಸ್ಸಿನಲ್ಲಿ ಬೇರೆಯೇ ಅರ್ಥವಿದ್ದಿತೆಂದು ವಾದಿಸುವವರು ಇದ್ದೇ ಇದ್ದಾರೆ.

ಅಮೇರಿಕಾದವರ ಸಂವಿಧಾನವು 1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ರಚಿತವಾಗಿ 1789ರಲ್ಲಿ ನಡೆವಳಿಗೆ ಬಂದಿತು. ಶಬ್ದಗಳಿಗೆ ಅಂದು ಯಾವ ಅರ್ಥವಿದ್ದಿತೋ ಅದೇ ಇಂದಿಗೂ ಪ್ರಮಾಣವೆಂಬುದು ಅಲ್ಲಿಯ ಒಂದು ಪಂಥ. ಕಾಲವು ಬೆಳೆದಂತೆ ಅರ್ಥವೂ ಬೆಳೆಯುವುದೆಂಬುದು ಇನ್ನೊಂದು. ಮೂಲಾರ್ಥದ ಪಂಥವು ಕೈಮೇಲಾದಾಗ ಏನಾಗುತ್ತದೆಂಬುದನ್ನು 2022ರ ಜೂನ್ 24ರಂದು ಲೋಕವೆಲ್ಲ ಕಂಡಿತು. ಗರ್ಭವನ್ನು ಇಳಿಸಿಕೊಳ್ಳುವ ವಿಷಯದಲ್ಲಿ ಸ್ತ್ರೀಯರಿಗೆ 1973ರ ತೀರ್ಪಿನಿಂದ ದೊರೆತಿದ್ದ ಹಕ್ಕು, ಅದು ಸಂವಿಧಾನದಲ್ಲಿಯೂ ಇಲ್ಲ, ದೇಶದ ಪೂರ್ವಸಂಪ್ರದಾಯದಲ್ಲಿಯೂ ಬೇರೂರಿಲ್ಲವೆಂಬ ಕಾರಣದಿಂದ ಅಂದು ಅಳಿದುಹೋಯಿತು. ಹಾಗೆಂದು ಮೂಲಾರ್ಥವನ್ನು ಹುಡುಕಿದರೆ ಎಲ್ಲರಿಗೂ ಒಂದೇ ಅರ್ಥ ಸಿಗುವುದೆಂದೂ ಇಲ್ಲ. ಆಯುಧ ಧರಿಸುವ ಹಕ್ಕಿನ ಕುರಿತಾದ 2008ರ ಮೊಕದ್ದಮೆಯಲ್ಲಿ ಹದಿನೆಂಟನೆಯ ಶತಮಾನದ ಅದೇ ಇತಿಹಾಸವನ್ನು ಶೋಧಿಸಿ, ಐವರು ನ್ಯಾಯಾಧೀಶರು ಒಂದು ಅರ್ಥವನ್ನೂ ನಾಲ್ವರು ಅದಕ್ಕೆ ಇದಿರಾದ ಅರ್ಥವನ್ನೂ ಕಂಡರು.

ಇದು ದೂರದ ಊರಿನ ಜಗಳ, ನಮಗೇಕೆ ಎಂದು ಗೃಹಸ್ಥರು ಕೇಳಬಹುದು. ನಿಜವಾಗಿ ಈ ಜಗಳವು ಅಮೇರಿಕಾ ಹುಟ್ಟುವುದಕ್ಕೆ ಮೊದಲೇ ನಮ್ಮ ಮನೆಗಳಲ್ಲಿ ನಡೆದದ್ದು. ಕಲ್ಯಾಣದ ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ಅಂದರೆ ನಮ್ಮ ಕನ್ನಡನಾಡಿನಲ್ಲಿಯೇ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ಬರೆದನು. ವಂಗದೇಶದಲ್ಲಿ ಜೀಮೂತವಾಹನನು ದಾಯಭಾಗವನ್ನು ಬರೆದನು. ಇಬ್ಬರಿಗೂ ಸ್ಮೃತಿಗಳು ಅವೇ. 'ಸಪಿಂಡ' ಎಂಬ ಶಬ್ದದಲ್ಲಿರುವ ಪಿಂಡವೆಂದರೆ ದೇಹವೆಂದು ವಿಜ್ಞಾನೇಶ್ವರನು ಹೇಳಿದನು. ಶ್ರಾದ್ಧದಲ್ಲಿ ಇಡುವ ಅನ್ನದ ಪಿಂಡವೆಂದು ಜೀಮೂತವಾಹನನು ತಿಳಿದನು. ಇಷ್ಟರಿಂದಲೇ ಸತ್ತವನ ಸೊತ್ತು ಯಾರಿಗೆ ಮೊದಲು ಸೇರಬೇಕೆಂಬ ಕ್ರಮವು ಎರಡು ಸೀಮೆಗಳಲ್ಲಿ ಎರಡು ಬಗೆಯಾಗಿ, ಎಂಟು ನೂರು ವರ್ಷಗಳಿಗೂ ಮಿಕ್ಕಿ ಲಕ್ಷಾಂತರ ಕುಟುಂಬಗಳ ಗದ್ದೆತೋಟಗಳು ಆ ಒಂದು ಶಬ್ದದ ಅರ್ಥಕ್ಕನುಸಾರವಾಗಿ ಹಂಚಿಹೋದುವು. ಇಬ್ಬರು ವ್ಯಾಖ್ಯಾನಕಾರರೂ ತಾವು ಹೊಸದನ್ನು ಹೇಳುತ್ತಿದ್ದೇವೆಂದು ಎಲ್ಲಿಯೂ ಒಪ್ಪಲಿಲ್ಲ. ಸ್ಮೃತಿಕಾರನ ಮೂಲಾರ್ಥವೇ ಇದು ಎಂದರು.

ಮೀಮಾಂಸಾಶಾಸ್ತ್ರವನ್ನು ಓದಿದವರು ಇನ್ನೊಂದು ಸೂಕ್ಷ್ಮವನ್ನು ಬಲ್ಲರು. ವೇದಕ್ಕೆ ಕರ್ತೃವಿಲ್ಲವೆಂದು ಮೀಮಾಂಸಕರ ಮತ. ಕರ್ತೃವೇ ಇಲ್ಲದ ಮೇಲೆ ಅವನ ಅಭಿಪ್ರಾಯವೇನೆಂದು ಕೇಳುವಂತಿಲ್ಲ. ಉಪಕ್ರಮ, ಉಪಸಂಹಾರ, ಅಭ್ಯಾಸ ಮೊದಲಾದ ಲಿಂಗಗಳಿಂದ ವಾಕ್ಯದ ಒಳಗಿಂದಲೇ ತಾತ್ಪರ್ಯವನ್ನು ತೆಗೆಯಬೇಕು. ನೈಯಾಯಿಕರಾದರೋ ತಾತ್ಪರ್ಯವೆಂದರೆ ನುಡಿದವನ ಇಚ್ಛೆಯೆಂದರು. ಸಂವಿಧಾನಕ್ಕೆ ಕರ್ತೃಗಳುಂಟು, ಅವರ ಹೆಸರುಗಳುಂಟು. ಆದರೆ ನೂರಾರು ಮಂದಿ ಕೂಡಿ ಮಾಡಿದ ವಾಕ್ಯಕ್ಕೆ ಯಾರ ಇಚ್ಛೆಯನ್ನು ತಾತ್ಪರ್ಯವೆನ್ನೋಣ? ಪರವಾಗಿ ಕೈಯೆತ್ತಿದ ಇಬ್ಬರು ಎರಡು ಅರ್ಥಗಳನ್ನು ಮನಸ್ಸಿನಲ್ಲಿಟ್ಟು ಎತ್ತಿರಬಹುದು. ಫಿಲಡೆಲ್ಫಿಯಾದ ಸಭೆಯು ಬಾಗಿಲು ಮುಚ್ಚಿ ನಡೆದದ್ದು. ಮ್ಯಾಡಿಸನ್ನನು ಬರೆದಿಟ್ಟ ಟಿಪ್ಪಣಿಗಳು ಅಚ್ಚಾದದ್ದು 1840ರಲ್ಲಿ, ಅವನು ತೀರಿಕೊಂಡ ಬಳಿಕ. ಅದರಿಂದಲೇ ಅಲ್ಲಿಯ ಮೂಲಾರ್ಥವಾದಿಗಳು ಬರೆದವರ ಮನಸ್ಸನ್ನು ಬಿಟ್ಟು, ಅಂದಿನ ಜನರು ಆ ಶಬ್ದವನ್ನು ಹೇಗೆ ತಿಳಿಯುತ್ತಿದ್ದರೆಂಬ ರೂಢಿಯನ್ನು ಹಿಡಿದಿದ್ದಾರೆ.

ಮೂಲಪಾಠವು ಕೈಗೆ ಸಿಕ್ಕಿದರೂ ಅರ್ಥವು ಸಿಕ್ಕಿದಂತಾಗಲಿಲ್ಲವೆಂಬುದಕ್ಕೆ ಮೂಡುಬಿದಿರೆಯೇ ಸಾಕ್ಷಿ. ಅಲ್ಲಿಯ ಬಸದಿಯಲ್ಲಿ ಶತಮಾನಗಳ ಕಾಲ ಕಾಪಾಡಿದ ಧವಲಾ ಗ್ರಂಥದ ತಾಡವೋಲೆಗಳು ಪ್ರಾಕೃತಭಾಷೆಯವು, ಹಳಗನ್ನಡದ ಲಿಪಿಯವು. ಷಟ್ಖಂಡಾಗಮವು ಧವಲಾಟೀಕೆಯೊಡನೆ 1939ರಿಂದ ಅಚ್ಚಾಗತೊಡಗಿದಾಗ, ಒಂದು ಸೂತ್ರದಲ್ಲಿ 'ಸಂಜದ' ಎಂಬ ಪದವಿರಬೇಕೇ ಇರಬಾರದೇ ಎಂದು ಜೈನ ಪಂಡಿತರಲ್ಲಿ ಘೋರವಾದ ವಾದವೆದ್ದಿತು. ಪದವು ಇದ್ದರೆ ಸ್ತ್ರೀಗೂ ಪೂರ್ಣಸಂಯಮದ ಗುಣಸ್ಥಾನವುಂಟೆಂದಾಗುತ್ತದೆ. ಕೊನೆಗೆ ಮೂಡುಬಿದಿರೆಯ ಓಲೆಗಳ ಕಡೆಗೇ ತಿರುಗಬೇಕಾಯಿತು. ಪದವನ್ನು ಒಪ್ಪಿದ ಮೇಲೂ, ಅಲ್ಲಿ ಹೇಳಿದ ಸ್ತ್ರೀಯು ಶರೀರದಿಂದ ಸ್ತ್ರೀಯೋ ಭಾವದಿಂದ ಸ್ತ್ರೀಯೋ ಎಂಬ ಪ್ರಶ್ನೆ ಉಳಿದೇ ಉಳಿಯಿತು.

ಇನ್ನು ನಮ್ಮ ದೇಶದ ಸಂವಿಧಾನಕ್ಕೆ ಬರೋಣ. ಅಮೇರಿಕಾದ ಈ ಶಬ್ದಜಗಳವು ನಮ್ಮ ಸಂವಿಧಾನದೊಳಕ್ಕೆ ಬಾರದಂತೆ ತಡೆಯಲು ಹೆಣಗಿದವರು ನಮ್ಮ ಜಿಲ್ಲೆಯವರೇ. ಬೆನೆಗಲ್ ನರಸಿಂಗರಾಯರು 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದರು. ತಂದೆ ವೈದ್ಯರು. ಸಹೋದರರಲ್ಲಿ ರಾಮರಾಯರು ರಿಸರ್ವ್ ಬ್ಯಾಂಕಿನ ಗವರ್ನರರಾದರು. ಶಿವರಾಯರು ಪತ್ರಿಕೋದ್ಯೋಗಿಗಳಾಗಿ ಸಂವಿಧಾನಸಭೆಯ ಸದಸ್ಯರೂ ಆಗಿದ್ದರು. ನರಸಿಂಗರಾಯರು ಸಿವಿಲ್ ಸರ್ವಿಸಿಗೆ ಸೇರಿ, 1946ರಲ್ಲಿ ಸಂವಿಧಾನಸಭೆಗೆ ಸಲಹೆಗಾರರಾಗಿ ನಿಯುಕ್ತರಾದರು. ಸಭೆಯಲ್ಲಿ ಮತವಿಲ್ಲ, ಮಾತಿಲ್ಲ. ಬರವಣಿಗೆಯ ಕೆಲಸ ಮಾತ್ರ. 1947ರ ಅಕ್ಟೋಬರದಲ್ಲಿ ಮೊದಲನೆಯ ಕರಡು ಸಿದ್ಧವಾದದ್ದು ಅವರ ಕೈಯಿಂದ.

ಆ ಕಾಲದಲ್ಲಿ ಸಭೆಯ ಉಪಸಮಿತಿಯು ಅಮೇರಿಕಾದವರನ್ನು ಅನುಸರಿಸಿ, ಯಾವ ಮನುಷ್ಯನ ಪ್ರಾಣವನ್ನಾಗಲಿ ಸ್ವಾತಂತ್ರ್ಯವನ್ನಾಗಲಿ 'ಡ್ಯೂ ಪ್ರೊಸೆಸ್ ಆಫ್ ಲಾ' ಇಲ್ಲದೆ ಅಪಹರಿಸತಕ್ಕದ್ದಲ್ಲವೆಂದು ಬರೆದಿತ್ತು. ಕನ್ನಡದಲ್ಲಿ ಇದನ್ನು ನ್ಯಾಯೋಚಿತವಾದ ಕ್ರಮವೆನ್ನಬಹುದು. ಕೇಳುವುದಕ್ಕೆ ಇಂಪಾಗಿಯೇ ಇದೆ. ಆದರೆ ಉಚಿತವಾದುದು ಯಾವುದೆಂದು ನಿರ್ಣಯಿಸುವವರು ಯಾರು? ಅಮೇರಿಕಾದ ನ್ಯಾಯಾಧೀಶರು ಈ ಶಬ್ದವನ್ನು ಹಿಡಿದುಕೊಂಡು 1905ರಲ್ಲಿ, ರೊಟ್ಟಿ ಸುಡುವ ಕೆಲಸದವರನ್ನು ವಾರಕ್ಕೆ 60 ಗಂಟೆಗಳಿಗಿಂತ ಹೆಚ್ಚು ದುಡಿಸಬಾರದೆಂಬ ಕಾಯಿದೆಯನ್ನೇ ರದ್ದುಮಾಡಿದ್ದರು. ದುಡಿಯುವವನ ಸ್ವಾತಂತ್ರ್ಯವನ್ನು ಅದು ಅಪಹರಿಸುವುದೆಂಬುದು ಅವರು ಕೊಟ್ಟ ಕಾರಣ! ಒಕ್ಕಲುಗಳನ್ನು ಕಾಪಾಡುವ ಕಾಯಿದೆಗಳು ಇಲ್ಲಿಯೂ ಅದೇ ಬಂಡೆಗೆ ಬಡಿದು ಒಡೆದಾವೆಂದು ನರಸಿಂಗರಾಯರಿಗೆ ಅಂಜಿಕೆಯಿತ್ತು. ಗೇಣಿಯ ಜಿಲ್ಲೆಯಲ್ಲಿ ಹುಟ್ಟಿದವರಿಗೆ ಆ ಅಂಜಿಕೆ ಸಹಜವೆಂದು ನಮಗೆ ತೋರುತ್ತದೆ. 1947ರ ಕೊನೆಯಲ್ಲಿ ಅವರು ಅಮೇರಿಕಾ, ಕೆನಡಾ, ಐರ್ಲೆಂಡ್, ಇಂಗ್ಲೆಂಡ್ ದೇಶಗಳನ್ನು ಸುತ್ತಿದರು. ಅಮೇರಿಕಾದ ಶ್ರೇಷ್ಠ ನ್ಯಾಯಾಲಯದ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಎಂಬ ನ್ಯಾಯಾಧೀಶರೇ, ಈ ಶಬ್ದವು ಪ್ರಜಾಪ್ರಭುತ್ವಕ್ಕೆ ಒಗ್ಗದು, ನ್ಯಾಯಾಧೀಶರಿಗೂ ಸಲ್ಲದ ಹೊರೆ, ಇದನ್ನು ನಿಮ್ಮಲ್ಲಿಗೆ ಒಯ್ಯಬೇಡಿರೆಂಬ ಅಭಿಪ್ರಾಯವನ್ನು ಅವರಿಗೆ ತಿಳಿಸಿದರು. 1948ರ ಫೆಬ್ರವರಿಯ ಕರಡಿನಲ್ಲಿ ಆ ಶಬ್ದವು ಮಾಯವಾಗಿ, ಅದರ ಎಡೆಯಲ್ಲಿ 'ಕಾನೂನಿನಿಂದ ಸ್ಥಾಪಿತವಾದ ವಿಧಾನ'ವೆಂಬುದು ಕುಳಿತಿತು. ಜಪಾನಿನ 1946ರ ಸಂವಿಧಾನದಲ್ಲಿ ಈ ಮಾತು ಇದ್ದಿತು.

ಸಭೆಯವರು ಇದನ್ನು ಕಣ್ಣುಮುಚ್ಚಿ ನುಂಗಲಿಲ್ಲ. 1948ರ ಡಿಸೆಂಬರದಲ್ಲಿ ಕಾಜಿ ಸಯ್ಯದ್ ಕರೀಮುದ್ದೀನ್ ಮೊದಲಾದವರು ಹಳೆಯ ಶಬ್ದವೇ ಬೇಕೆಂದು ಹಟ ಹಿಡಿದರು. ಮುನ್ಷಿಯವರು ಅವರನ್ನು ಬೆಂಬಲಿಸಿದರು. ನಾಳೆ ಬಹುಮತದ ಬಲದಿಂದ ಯಾವ ಕಾಯಿದೆಯನ್ನಾದರೂ ಮಾಡಿ ಯಾರನ್ನಾದರೂ ಸೆರೆಯಲ್ಲಿಟ್ಟರೆ ಗತಿಯೇನೆಂಬುದು ಅವರ ಭಯ. ಅಂಬೇಡ್ಕರರು ಡಿಸೆಂಬರ್ 13ರಂದು, ಎರಡು ಪಕ್ಷಗಳಲ್ಲಿಯೂ ಅಪಾಯವುಂಟೆಂದು ಒಪ್ಪಿಕೊಂಡು ನಿರ್ಣಯವನ್ನು ಸಭೆಗೇ ಬಿಟ್ಟರು. ತಿದ್ದುಪಡಿಗಳು ಬಿದ್ದುಹೋದುವು. ಮರುವರ್ಷ ಸೆಪ್ಟೆಂಬರದಲ್ಲಿ, ಬಂಧಿತನಿಗೆ ಕಾರಣ ತಿಳಿಸಬೇಕು, 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂಬ ಇನ್ನೊಂದು ವಿಧಿಯನ್ನು ಸೇರಿಸಿ ಆ ಕೊರತೆಯನ್ನು ಕೊಂಚ ತುಂಬಿದರು. ಅದೇ ವಿಧಿಯಲ್ಲಿ ವಿಚಾರಣೆಯಿಲ್ಲದ ಮುಂಜಾಗ್ರತೆಯ ಬಂಧನಕ್ಕೂ ಎಡೆಯಿಟ್ಟರು.

ಹೀಗಿರಲಾಗಿ, ಇಪ್ಪತ್ತೊಂದನೆಯ ವಿಧಿಯ ಮೂಲಾರ್ಥವೇನೆಂಬುದರಲ್ಲಿ ಸಂದೇಹಕ್ಕೆ ಅವಕಾಶವು ಬಹಳ ಕಡಿಮೆ. ಒಂದು ಶಬ್ದವನ್ನು ಮುಂದಿಟ್ಟು, ಚರ್ಚಿಸಿ, ಬೇಡವೆಂದು ತೆಗೆದರು. ಮೀಮಾಂಸಕನಿಗೆ ಇದಕ್ಕಿಂತ ಸ್ಪಷ್ಟವಾದ ಲಿಂಗವು ಬೇಕಿಲ್ಲ.

ಅದರ ಫಲವು ಮೊದಲು ತಟ್ಟಿದ್ದು ನಮ್ಮ ನೆರೆಯವರಿಗೆ. ಕಣ್ಣೂರಿನ ಕಡೆಯ ಕಮ್ಯೂನಿಸ್ಟ್ ಮುಂದಾಳು ಎ. ಕೆ. ಗೋಪಾಲನ್, ಮುಂದೆ 1957ರಿಂದ ಮೂರು ಸಲ ಕಾಸರಗೋಡಿನಿಂದಲೇ ಲೋಕಸಭೆಗೆ ಆರಿಸಿಹೋದವರು, ಅಂದು ಮದರಾಸು ಸರಕಾರದ ಸೆರೆಯಲ್ಲಿದ್ದರು. ಸಂವಿಧಾನವು ಜಾರಿಗೆ ಬಂದ ಒಂದು ತಿಂಗಳಿನಲ್ಲಿಯೇ ಹೊರಟ ಬಂಧನದ ಕಾಯಿದೆಯನ್ನು ಅವರು ಪ್ರಶ್ನಿಸಿದರು. ಅವರ ವಕೀಲರು ಎಂ. ಕೆ. ನಂಬಿಯಾರರು. ವಿಧಿಯಲ್ಲಿರುವ 'ಕಾನೂನು' ಎಂಬುದು ಶಾಸನಸಭೆಯು ಅಚ್ಚು ಹಾಕಿಸಿದ ಕಾಗದವೆಂದಲ್ಲ, ಸಹಜನ್ಯಾಯವೆಂದು ಅವರು ವಾದಿಸಿದರು. ನಮ್ಮವರ ಮಾತಿನಲ್ಲಿ ಹೇಳುವುದಾದರೆ, ಅದು ರಾಜಾಜ್ಞೆಯಲ್ಲ, ಧರ್ಮ. 1950ರ ಮೇ 19ರಂದು ಬಹುಮತದ ನ್ಯಾಯಾಧೀಶರು ಇದನ್ನು ತಳ್ಳಿಹಾಕಿದರು. ಸಂಸ್ಕೃತದಲ್ಲಿ ಪಂಡಿತರೆನಿಸಿದ ಪತಂಜಲಿ ಶಾಸ್ತ್ರಿಗಳಿಗೂ ಆ ಅರ್ಥವು ಸಮ್ಮತವಾಗಲಿಲ್ಲ. ಫಜಲ್ ಅಲಿಯವರೊಬ್ಬರು ಭಿನ್ನವಾದ ತೀರ್ಪನ್ನು ಬರೆದರು. ಶಬ್ದಾರ್ಥದ ನ್ಯಾಯದಲ್ಲಿ ಬಹುಮತದವರು ತಪ್ಪಿದರೆಂದು ನಾವು ಹೇಳಲಾರೆವು. ಬರೆದವರು ಬೇಡವೆಂದುದನ್ನು ಅವರು ಒಳಗೆ ತರಲಿಲ್ಲ, ಅಷ್ಟೇ.

ಆದರೆ ಅದೇ ದಾರಿಯು ಎಲ್ಲಿಗೆ ಮುಟ್ಟಿಸಿತು? 1975ರಲ್ಲಿ ತುರ್ತುಪರಿಸ್ಥಿತಿಯು ಬಂದಿತು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಇವರೆಲ್ಲ ಬೆಂಗಳೂರಿನ ಸೆರೆಮನೆಯಲ್ಲಿದ್ದರು. 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ನಾಲ್ವರು, ಆ ಕಾಲದಲ್ಲಿ ಸೆರೆಯಾದವನು ತನ್ನ ಬಂಧನವು ಅಕ್ರಮವೆಂದು ನ್ಯಾಯಾಲಯದ ಬಾಗಿಲು ತಟ್ಟುವಂತಿಲ್ಲವೆಂದರು, ಎಚ್. ಆರ್. ಖನ್ನಾ ಅವರೊಬ್ಬರೇ ಒಪ್ಪದವರು. ಅದರ ಬೆನ್ನಿಗೇ ಮೇ ತಿಂಗಳಿನಲ್ಲಿ, 'ಸಂಸ್ಕಾರ' ಚಿತ್ರದಲ್ಲಿ ನಟಿಸಿದ ಸ್ನೇಹಲತಾ ರೆಡ್ಡಿಯವರು ಬಂಧಿತರಾದರು. ಉಬ್ಬಸದ ರೋಗಿ. ಬೆಂಗಳೂರಿನ ಸೆರೆಯಲ್ಲಿ ಎಂಟು ತಿಂಗಳಿದ್ದು, ಆರೋಗ್ಯವು ಪೂರ್ತಿ ಕೆಟ್ಟ ಮೇಲೆ ಬಿಡುಗಡೆ ಹೊಂದಿ, ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ತೀರಿಕೊಂಡರು. ವ್ಯಾಕರಣದ ಜಗಳದಿಂದ ಯಾರ ಮನೆಯೂ ಮುರಿಯುವುದಿಲ್ಲವೆಂದು ಭಾವಿಸುವವರು ಈ ತಾರೀಖನ್ನು ನೆನಪಿಟ್ಟುಕೊಳ್ಳತಕ್ಕದ್ದು.

ಮರುವರ್ಷ, 1978ರ ಜನವರಿ 25ರಂದು, ಮೇನಕಾ ಗಾಂಧಿಯವರ ಪಾಸ್‌ಪೋರ್ಟಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಕಾನೂನಿನ ವಿಧಾನವೆಂದರೆ ನ್ಯಾಯವಾದ, ಯುಕ್ತವಾದ ವಿಧಾನವೆಂದೇ ತಿಳಿಯಬೇಕೆಂದು ತೀರ್ಮಾನಿಸಿತು. ಮಂಗಳೂರಿನವರು ಅಷ್ಟು ಜಾಗರೂಕತೆಯಿಂದ ಹೆಬ್ಬಾಗಿಲಿನಿಂದ ಹೊರಗೆ ಕಳುಹಿಸಿದ ಅತಿಥಿಯು ಮೂವತ್ತು ವರ್ಷಗಳ ಬಳಿಕ ಹಿತ್ತಿಲ ಬಾಗಿಲಿನಿಂದ ಒಳಗೆ ಬಂದು ಮಣೆಯ ಮೇಲೆ ಕುಳಿತನು. ಬಂದವನು ಒಳ್ಳೆಯವನೆಂದು ನಾವು ಒಪ್ಪುತ್ತೇವೆ. ಬರೆದವರು ಕರೆದಿದ್ದರೆಂದು ಮಾತ್ರ ಹೇಳುವುದು ಸತ್ಯಕ್ಕೆ ದೂರ. ಈ ಎರಡು ಮಾತುಗಳನ್ನೂ ಒಟ್ಟಿಗೆ ಹೇಳುವ ಪ್ರಾಮಾಣಿಕತೆಯು ಎರಡು ಪಂಥಗಳ ವಕೀಲರಲ್ಲಿಯೂ ಅಪರೂಪವಾಗಿದೆ.

ಎರಡನೆಯ ಕಥೆಯು ಇನ್ನೂ ಹತ್ತಿರದ್ದು. ಕಾಸರಗೋಡು ತಾಲೂಕು 1956ರ ನವೆಂಬರ್ 1ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದು, ಬಳಿಕ ಕೇರಳಕ್ಕೆ ಹೋಯಿತು. ಅಲ್ಲಿಯ ಎಡನೀರಿನಲ್ಲಿ ಶಂಕರಪರಂಪರೆಯ ಪ್ರಾಚೀನ ಮಠವಿದೆ. ಯಕ್ಷಗಾನಕ್ಕೂ ಸಂಗೀತಕ್ಕೂ ಆಶ್ರಯವಾಗಿ ಕನ್ನಡಿಗರೆಲ್ಲರಿಗೂ ಪರಿಚಿತವಾದುದು. ಕೇರಳದ ಭೂಸುಧಾರಣೆಯ ಕಾಯಿದೆಗಳಿಂದ ಮಠದ ಭೂಮಿಗೆ ಕುತ್ತು ಬಂದಾಗ, ಅಂದಿನ ಪೀಠಾಧಿಪತಿ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು 1970ರ ಮಾರ್ಚಿ 21ರಂದು ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಕೊಟ್ಟರು. ಅವರಿಗೆ ಆಗ ಮೂವತ್ತು ತುಂಬಿರಲಿಲ್ಲ. ಮಠದ ಗದ್ದೆತೋಟಗಳ ಅರ್ಜಿಯು ಬೆಳೆಬೆಳೆದು, ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದೆಂಬ ಮಹಾಪ್ರಶ್ನೆಯಾಯಿತು. ಹದಿಮೂವರು ನ್ಯಾಯಾಧೀಶರು ಕುಳಿತು, 1972ರ ಅಕ್ಟೋಬರ್ 31ರಿಂದ 68 ದಿನಗಳ ವಾದವನ್ನು ಕೇಳಿದರು. ನಾನಿ ಪಾಲ್ಕಿವಾಲರು ಸ್ವಾಮಿಗಳ ಪಕ್ಷದಲ್ಲಿ ನಿಂತರು.

ಮುನ್ನೂರ ಅರುವತ್ತೆಂಟನೆಯ ವಿಧಿಯಲ್ಲಿ ಸಂಸತ್ತಿಗೆ ಸಂವಿಧಾನವನ್ನು ತಿದ್ದುಪಡಿ ಮಾಡುವ ಅಧಿಕಾರವನ್ನು ಕೊಟ್ಟಿದೆ. ಮೇರೆಯನ್ನು ಬರೆದಿಲ್ಲ. ಮೇರೆಯಿಲ್ಲವೆಂದು ವಾದಿಸುವವರ ಕೈಯಲ್ಲಿ ಪ್ರಬಲವಾದ ಪ್ರಮಾಣವೊಂದಿದ್ದಿತು. ಸಂವಿಧಾನವನ್ನು ಬರೆದ ಸಭೆಯವರೇ ತಾತ್ಕಾಲಿಕ ಸಂಸತ್ತಾಗಿ ಕುಳಿತು, ಹದಿನಾರು ತಿಂಗಳುಗಳಲ್ಲಿ, 1951ರಲ್ಲಿ, ಜಮೀನ್ದಾರಿಯನ್ನು ತೆಗೆಯುವ ಸಲುವಾಗಿ ಮೂಲಭೂತ ಹಕ್ಕುಗಳನ್ನೇ ತಿದ್ದಿದ್ದರು. ಅದು ಸರಿಯೆಂದು ಅದೇ ವರ್ಷ ನ್ಯಾಯಾಲಯವೂ ಹೇಳಿತ್ತು. ಬರೆದವರ ನಡತೆಗಿಂತ ಬರೆದವರ ಅರ್ಥಕ್ಕೆ ಹೆಚ್ಚಿನ ಸಾಕ್ಷಿ ಏನಿದ್ದೀತು? ಈ ಪ್ರಶ್ನೆಗೆ ಸಮರ್ಪಕವಾದ ಉತ್ತರವನ್ನು ಇದಿರುಪಕ್ಷದವರು ಕೊಟ್ಟರೆಂದು ನಮಗೆ ಇಂದಿಗೂ ತೋರದು.

ಅವರು ಬೇರೆ ದಾರಿ ಹಿಡಿದರು. ಡೀಟ್ರಿಖ್ ಕಾನ್ರಾಡ್ ಎಂಬ ಜರ್ಮನ್ ವಿದ್ವಾಂಸರು 1965ರಲ್ಲಿ ಕಾಶಿಯ ಹಿಂದೂ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸ ಮಾಡಿ, ತಿದ್ದುವ ಅಧಿಕಾರದಲ್ಲಿಯೇ ಮೇರೆಯೊಂದು ಅಡಗಿರುತ್ತದೆಂದು ಹೇಳಿದ್ದರು. ಆ ವಿಚಾರವನ್ನು ಮೊದಲಿಗೆ ನಮ್ಮ ನ್ಯಾಯಾಲಯದ ಮುಂದಿಟ್ಟವರು, 1967ರ ಗೋಲಕನಾಥರ ಮೊಕದ್ದಮೆಯಲ್ಲಿ, ಗೋಪಾಲನ್ನರ ವಕೀಲರಾಗಿದ್ದ ಅದೇ ನಂಬಿಯಾರರು. ಪ್ರಶ್ನೆಯು 'ತಿದ್ದು' ಎಂಬ ಧಾತುವಿನ ಅರ್ಥಕ್ಕೆ ಬಂದು ನಿಂತಿತು. ನ್ಯಾಯಾಧೀಶರು ತಿರುವಿಹಾಕಿದ್ದು ಇಂಗ್ಲೀಷಿನ ಕೋಶಗಳನ್ನು. ನಮ್ಮ ಕನ್ನಡವನ್ನು ಕೇಳಿದ್ದರೆ ಬೇಗನೆ ತೀರ್ಮಾನವಾಗುತ್ತಿತ್ತೋ ಏನೋ! ಮಗುವು ಅಕ್ಷರ ತಿದ್ದುವುದೆಂದರೆ, ಗುರುವು ಬರೆದುಕೊಟ್ಟ ಅಕ್ಷರದ ಮೇಲೆಯೇ ಬೆರಳಾಡಿಸುವುದು. ಬಳಪವನ್ನು ಆಚೀಚೆ ಒಯ್ದು ರೇಖೆಯನ್ನು ದಪ್ಪಮಾಡಬಹುದು, ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡಬಹುದು. ಒದ್ದೆಯ ಬಟ್ಟೆಯಿಂದ ಹಲಗೆಯನ್ನೇ ಒರಸಿ ಬೇರೊಂದನ್ನು ಬರೆದರೆ ಅದನ್ನು ಯಾವ ಉಪಾಧ್ಯಾಯನೂ ತಿದ್ದುವುದೆಂದು ಕರೆಯಲಾರನು. ಖನ್ನಾ ಅವರು ಬರೆದ ತೀರ್ಪಿನ ಹುರುಳೂ ಇದೇ: ತಿದ್ದಿದ ಮೇಲೆಯೂ ಹಳೆಯ ಸಂವಿಧಾನವು ತನ್ನ ಗುರುತನ್ನು ಉಳಿಸಿಕೊಂಡಿರಬೇಕು. 1973ರ ಏಪ್ರಿಲ್ 24ರಂದು ಏಳ್ವರು ಹೀಗೆಯೂ ಆರ್ವರು ಬೇರೆಯಾಗಿಯೂ ತೀರ್ಪಿತ್ತರು. ಸಂವಿಧಾನದ ಮೂಲಸ್ವರೂಪವನ್ನು ಕೆಡಿಸುವಂತಿಲ್ಲವೆಂಬ ಮತವು ಒಂದೇ ಒಂದು ತಲೆಯ ಹೆಚ್ಚಳದಿಂದ ಗೆದ್ದಿತು.

ಆ ಏಳ್ವರಲ್ಲಿ ಒಬ್ಬರು ಕಾರ್ಕಳ ತಾಲೂಕಿನ ಕೌಡೂರಿನವರು, ಕೆ. ಎಸ್. ಹೆಗ್ಡೆಯವರು. ಮರುದಿನವೇ ಅದರ ಬೆಲೆ ತೆರಬೇಕಾಯಿತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾಗಲು, ಶೆಲಾಟ್, ಹೆಗ್ಡೆ, ಗ್ರೋವರ್ ಈ ಮೂವರು ಹಿರಿಯರನ್ನು ಹಾರಿಸಿ, ಇದಿರು ತೀರ್ಪು ಬರೆದ ಎ. ಎನ್. ರಾಯರಿಗೆ ಸರಕಾರವು ಆ ಪೀಠವನ್ನು ಕೊಟ್ಟಿತು. ಮೂವರೂ ರಾಜೀನಾಮೆಯಿತ್ತು ಹೊರಟರು. ಹೆಗ್ಡೆಯವರು 1977ರಲ್ಲಿ ಲೋಕಸಭೆಯನ್ನು ಸೇರಿ ಸ್ಪೀಕರರೂ ಆದರು. ನಿಟ್ಟೆಯಲ್ಲಿ ವಿದ್ಯಾಸಂಸ್ಥೆಯನ್ನು ಕಟ್ಟಿದರು. ನಮ್ಮ ಕಡೆಯ ಮಕ್ಕಳಲ್ಲಿ ಅನೇಕರು ಅವರನ್ನು ಕಾಲೇಜಿನ ಹೆಸರಿನಿಂದ ಮಾತ್ರ ಬಲ್ಲರು. ಅದು ವಿಷಾದದ ಸಂಗತಿ.

ಎಡನೀರಿನ ಸ್ವಾಮಿಗಳಿಗೆ ಏನು ಸಿಕ್ಕಿತು? ಅವರು ಪ್ರಶ್ನಿಸಿದ ಭೂಕಾಯಿದೆಗಳಿಗೆ ರಕ್ಷೆಯಾಗಿದ್ದ ಇಪ್ಪತ್ತೊಂಬತ್ತನೆಯ ತಿದ್ದುಪಡಿಯನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಮಠಕ್ಕೆ ಭೂಮಿ ಹಿಂದಿರುಗಲಿಲ್ಲ. 2020ರ ಸೆಪ್ಟೆಂಬರ್ 6ರಂದು ಅವರು ಮುಕ್ತರಾದಾಗ ದೇಶದ ಪತ್ರಿಕೆಗಳೆಲ್ಲ ಅವರನ್ನು ಸಂವಿಧಾನದ ರಕ್ಷಕರೆಂದು ಕರೆದುವು. ಈ ಸೋಲನ್ನು ಗೇಣಿಯ ಅಕ್ಕಿಮುಡಿಗಳನ್ನು ಅಳೆದುಕೊಟ್ಟ ಒಕ್ಕಲಿನ ಮನೆಯವರು ನೋಡುವ ಬಗೆ ಬೇರೆ. 1974ರ ಕರ್ನಾಟಕದ ಕಾಯಿದೆಯಿಂದ ನಮ್ಮ ಜಿಲ್ಲೆಯಲ್ಲಿ ಉಳುವವರಿಗೆ ಭೂಮಿ ಬಂದಂತೆ ಅಲ್ಲಿಯೂ ಬಂದಿತು. ಹಳೆಯ ಮೂಲಗೇಣಿಯ ಚೀಟುಗಳೂ ಆಚಂದ್ರಾರ್ಕವೆಂಬ ಭಾವದಿಂದಲೇ ಬರೆದವು. ಅಂತಹ ಒಂದು ಮಾತು ಎಂದೆಂದಿಗೂ ನಡೆಯಬೇಕೆಂದಾದರೆ, ಯಾರ ತಾತನು ಬರೆಸಿಕೊಂಡನು, ಯಾರ ತಾತನು ಹೆಬ್ಬೆಟ್ಟು ಒತ್ತಿದನು ಎಂಬುದನ್ನೂ ಕೇಳಬೇಕಾಗುತ್ತದೆ. ಒಂದೇ ತೀರ್ಪಿನಲ್ಲಿ ಒಕ್ಕಲಿಗೆ ಭೂಮಿಯೂ ಪ್ರಜೆಗಳಿಗೆಲ್ಲ ಭದ್ರತೆಯೂ ದೊರೆತು, ಅರ್ಜಿದಾರನೊಬ್ಬನೇ ಬರಿಗೈಯಲ್ಲಿ ಮರಳಿದ ದೃಷ್ಟಾಂತವು ಬೇರೆ ದೇಶಗಳ ಇತಿಹಾಸದಲ್ಲಿ ವಿರಳವೆಂದು ತೋರುತ್ತದೆ.

ಆ ಬಳಿಕ ಕನ್ನಡನಾಡಿನಿಂದ ಹೋದ ಮೊಕದ್ದಮೆಗಳು ಸಾಲಾಗಿವೆ. 1976ರ ನಲವತ್ತೆರಡನೆಯ ತಿದ್ದುಪಡಿಯು ಸಂಸತ್ತಿಗೆ ಮೇರೆಯೇ ಇಲ್ಲವೆಂದು ಬರೆದುದನ್ನು ಬೆಂಗಳೂರಿನ ಮಿನರ್ವಾ ಮಿಲ್ಲಿನ ವ್ಯಾಜ್ಯವು 1980ರಲ್ಲಿ ಅಳಿಸಿತು. ಅದೇ ತಿದ್ದುಪಡಿಯಿಂದ ಪೀಠಿಕೆಯಲ್ಲಿ ಸೇರಿದ 'ಸಮಾಜವಾದೀ', 'ಜಾತ್ಯತೀತ' ಎಂಬ ಶಬ್ದಗಳ ಜಗಳವು ಮಾತ್ರ ಬಹುಕಾಲ ನಡೆಯಿತು. 1948ರ ನವೆಂಬರದಲ್ಲಿ ಕೆ. ಟಿ. ಶಾ ಅವರು ಅಂತಹವೇ ಶಬ್ದಗಳನ್ನು ಸೇರಿಸಬೇಕೆಂದು ಕೇಳಿದಾಗ, ಸಮಾಜದ ಏರ್ಪಾಡನ್ನು ಮುಂದಿನ ಜನರೇ ನಿರ್ಣಯಿಸಲೆಂದು ಅಂಬೇಡ್ಕರರು ಒಪ್ಪಿರಲಿಲ್ಲ. ಇದನ್ನೇ ಹಿಡಿದು ಶಬ್ದಗಳನ್ನು ತೆಗೆಸಬೇಕೆಂದು ಹೋದವರ ಅರ್ಜಿಗಳನ್ನು 2024ರ ನವೆಂಬರದಲ್ಲಿ ನ್ಯಾಯಾಲಯವು ತಳ್ಳಿಹಾಕಿತು. ನಮ್ಮ ಎಸ್. ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲದಲ್ಲಿ ಸಭೆಯಲ್ಲಿ ಬಲಾಬಲ ನೋಡದೆಯೇ ತೆಗೆದುಹಾಕಿದರು. ಆ ವಿಧಿಯು ಸತ್ತ ಅಕ್ಷರವಾಗಿ ಉಳಿಯಲೆಂದು ಅಂಬೇಡ್ಕರರು 1949ರಲ್ಲಿ ಹಾರೈಸಿದ್ದರು. ತೊಂಬತ್ತಕ್ಕಿಂತ ಹೆಚ್ಚು ಸಲ ಅದು ಎದ್ದು ನಡೆದಾಡಿತು. 1994ರ ತೀರ್ಪಿನ ಬಳಿಕವೇ ಅದರ ಕಾಲಿಗೆ ಸಂಕಲೆ ಬಿದ್ದಿತು. ಇಲ್ಲಿ ಮೂಲಾರ್ಥವಾದಿಗಳೇ ಪ್ರಜೆಗಳ ಮಿತ್ರರು. ಆದುದರಿಂದ ಹಳೆಯ ಅರ್ಥವನ್ನು ಹಿಡಿಯುವವನು ಕ್ರೂರಿ, ಹೊಸ ಅರ್ಥವನ್ನು ಹೇಳುವವನು ದಯಾಳು ಎಂದು ಪಂಗಡ ಕಟ್ಟುವುದು ಸರಿಯಲ್ಲ.

ನಮ್ಮ ಅಭಿಪ್ರಾಯವನ್ನು ಕೇಳಿದರೆ, ಬರೆದವರ ಮಾತನ್ನು ಮೊದಲು ಪೂರ್ತಿಯಾಗಿ ಕೇಳಬೇಕು. ಅದನ್ನು ಬಿಟ್ಟು ನಡೆಯುವುದಾದರೆ, ಬಿಟ್ಟೆವೆಂದು ಬಾಯಿಬಿಟ್ಟು ಹೇಳಬೇಕು. 2017ರ ಆಗಸ್ಟ್ 24ರಂದು, ಕರ್ನಾಟಕದ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಮೇಲೆ, ಮನುಷ್ಯನ ಖಾಸಗಿ ಬಾಳಿಗೂ ರಕ್ಷೆಯುಂಟೆಂದು ಒಂಬತ್ತು ಮಂದಿ ಒಮ್ಮತದಿಂದ ಹೇಳಿದರು. ಸಂವಿಧಾನದಲ್ಲಿ ಆ ಶಬ್ದವೇ ಇಲ್ಲ. ಆ ತೀರ್ಪಿನಲ್ಲಿ ಡಿ. ವೈ. ಚಂದ್ರಚೂಡರು 1976ರ ಏಪ್ರಿಲ್ 28ರ ತೀರ್ಪನ್ನು ತಪ್ಪೆಂದು ಹೆಸರಿಟ್ಟು ರದ್ದುಪಡಿಸಿದರು. ಅಂದು ಅದನ್ನು ಬರೆದ ನಾಲ್ವರಲ್ಲಿ ಅವರ ತಂದೆಯವರೂ ಒಬ್ಬರು. ಇಪ್ಪತ್ತೊಂದನೆಯ ವಿಧಿಯಲ್ಲಿ ನರಸಿಂಗರಾಯರ ಕಾಲದ ಆ ಶಬ್ದಗಳು ಹಾಗೆಯೇ ಇವೆ. ಅಲ್ಲಿ ಯಾರೂ ಏನನ್ನೂ ತಿದ್ದಿಲ್ಲ.

ಅಳಿಯಸಂತಾನದ ಕಟ್ಟಿನಲ್ಲಿ ಪಾಲು ಕೇಳುವ ಹಕ್ಕು ಮೂಲದಲ್ಲಿ ಇದ್ದಿತೇ, 1949ರ ಮದರಾಸಿನ ಕಾಯಿದೆಯಿಂದ ಹೊಸದಾಗಿ ಬಂದಿತೇ ಎಂದು ಕೇಳಿದ ವಾಚಕರಿಗೆ ಮುಂದಿನ ತಿಂಗಳಿನ ಸಂಚಿಕೆಯಲ್ಲಿ ಉತ್ತರಿಸುವೆವು.